ಮೊದಲು ನೀರಿಗಿಳಿಯುವ ಹಕ್ಕಿ

ಅಪ್ಪನ ಹತ್ತಿರ ಜೊಂಡಿನ ಬಾತುಗಳು ಹನ್ನೊಂದು ಇದ್ದವು. ಜೊಂಡಿನ ಕಟ್ಟನ್ನು ಮಡಿಸಿ, ಬಿಗಿದು, ತಲೆಗೆ ಕೆಮ್ಮಣ್ಣು ಬಳಿದು, ಮೈಮೇಲೆ ಬಿಳಿಬೆನ್ನಿನ ಬಾತಿನ ಚರ್ಮವನ್ನು ಗರಿ ಸಮೇತ ಹೊದಿಸಿ ಅವನೇ ಮಾಡಿದವು. ಚಳಿಗೆ ಮುಂಚೆ ಹಿಂಡುಗಳು ನಮ್ಮೂರಾದ ಸ್ಟಿಲ್‌ವಾಟರ್‌ನ ಜೌಗಿಗೆ ಬರುವ ದಿನಗಳಲ್ಲಿ ಒಂದೊಂದಕ್ಕೂ ದಾರ ಕಟ್ಟಿ, ದಾರದ ತುದಿಗೆ ಕಲ್ಲು ಕಟ್ಟಿ, ನೀರಿನ ಮೇಲೆ ತೇಲಿಬಿಟ್ಟು ತಾನು ಜೊಂಡಿನೊಳಗೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಮೇಲೆ ಹಾರುವ ಬಾತುಗಳು ನಮ್ಮವರೇ ಹೆದರದೆ ಕೂತಿದ್ದಾರಲ್ಲ ಎಂದು ನಂಬಿ ಇಳಿಯುತ್ತಿದ್ದವು.

ಹನ್ನೊಂದರಲ್ಲಿ ಒಂದರ ಬಾಲ ಸೊಟ್ಟ. ಅದರ ಬಾಲದ ಗರಿಗಳನ್ನು ಸಿಕ್ಕಿಸಿದವಳು ನಾನು. ಆಗ ನನಗೆ ಏಳು ವರ್ಷ. ಅಕ್ಕ ನೋಡಿ, "ಇದು ಬಾತಲ್ಲ, ಯಾರೋ ಒದ್ದ ಕೋಳಿ" ಎಂದಳು. ಅಪ್ಪ ಮಾತ್ರ ಅದನ್ನು ತಿದ್ದಲಿಲ್ಲ.

"ಇರ್ಲಿ ಬಿಡು. ಎಲ್ಲಾ ನೆಟ್ಟಗಿದ್ರೆ ಬಾತುಗಳಿಗೆ ಅನುಮಾನ ಬರುತ್ತೆ. ಒಂದು ಸೊಟ್ಟ ಇದ್ರೆ, ಓ ನಮ್ಮ ಮನೆ ಥರಾನೇ ಇದೆ ಅಂತ ಇಳೀತವೆ" ಎಂದ.

ಅಂದಿನಿಂದ ಅವನು ಮೊದಲು ನೀರಿಗೆ ಬಿಡುತ್ತಿದ್ದದ್ದು ಅದನ್ನೇ. ಅದು ನೀರಲ್ಲಿ ನೆಲೆಯಾಗಿ ಕೂತ ಮೇಲೆ ಉಳಿದ ಹತ್ತು. ಒಮ್ಮೆ ಅದರ ದಾರ ಹರಿದು ಹಕ್ಕಿ ಜೊಂಡಿನ ನಡುವೆ ಎಲ್ಲೋ ಸಿಕ್ಕಿಕೊಂಡಾಗ, ಉಳಿದ ಹತ್ತನ್ನೂ ಚೀಲದಿಂದ ತೆಗೆಯದೆ, ಬರಿಗೈಲಿ ಮನೆಗೆ ಬಂದಿದ್ದ. ಮರುದಿನ ಹೋಗಿ ಅದನ್ನು ಹುಡುಕಿ ತಂದ ಮೇಲೆಯೇ ಬೇಟೆ.

ನಾನು ಒಂಬತ್ತು ವರ್ಷದವಳಿದ್ದಾಗ, ವಸಂತದಲ್ಲಿ, ಅಪ್ಪ ಹೋದ. ನಮ್ಮ ಮೂಲನಿವಾಸಿ ಪಂಗಡದಲ್ಲಿ ಹೋದವರ ಹೆಸರು ಹೇಳುವುದಿಲ್ಲ, ಅವರ ವಸ್ತುಗಳನ್ನು ಇಟ್ಟುಕೊಳ್ಳುವುದೂ ಇಲ್ಲ. ಹಾಸಿಗೆ, ಬಟ್ಟೆ, ಚಾಕು, ಬಲೆ ಎಲ್ಲವನ್ನೂ ಬೆಂಕಿಗೆ ಕೊಡುತ್ತೇವೆ. ಹಾಗೆ ಕೊಟ್ಟದ್ದು ಅವರ ಹಿಂದೆಯೇ ಹೋಗಿ ಅವರ ಕೈ ಸೇರುತ್ತದೆ. ಉಳಿಸಿಕೊಂಡದ್ದಕ್ಕಾಗಿ ಅವರು ತಿರುತಿರುಗಿ ಹಿಂದಕ್ಕೆ ನೋಡುತ್ತಾ ನಿಲ್ಲುತ್ತಾರೆ.

ಬೇಟೆಯ ಸಾಮಾನು ಬೆಂಕಿಗೆ ಕೊಡುವ ಕೆಲಸ ಅಕ್ಕನದಾಗಿತ್ತು. ಆಗ ಅವಳಿಗೆ ಇಪ್ಪತ್ತು. ಅವಳು ಒಂದೊಂದೇ ಹಕ್ಕಿಯನ್ನು ಬೆಂಕಿಯಲ್ಲಿ ಇಟ್ಟಳು. ಹತ್ತಾದವು. ಪಕ್ಕದಲ್ಲಿ ನಿಂತಿದ್ದ ಅಜ್ಜಿ, "ಇನ್ನೊಂದೆಲ್ಲೇ?" ಎಂದಳು. ಅಕ್ಕ ಚೀಲ ಕೊಡವಿದಳು, ಗುಡಿಸಲಿಗೆ ಓಡಿದಳು, ದೋಣಿ ಮಗುಚಿ ನೋಡಿದಳು. ಬೆಂಕಿ ಯಾರಿಗೂ ಕಾಯಲಿಲ್ಲ. ಆಮೇಲೆ ಅಜ್ಜಿ ಬದುಕಿದ್ದಷ್ಟು ಕಾಲವೂ, ಮನೆಗೆ ಯಾರು ಬಂದರೂ, "ಒಂದು ಕೆಲಸ ಹೇಳಿದ್ದೆ ಈ ಹುಡುಗಿಗೆ, ಒಂದೇ ಒಂದು" ಎನ್ನುವುದನ್ನು ಬಿಡಲಿಲ್ಲ.

ಹನ್ನೊಂದನೆಯದು ಹಿಟ್ಟಿನ ಚೀಲವೊಂದರಲ್ಲಿ, ಸೌದೆಯ ಹಿಂದೆ ಇತ್ತು. ಅಲ್ಲಿಟ್ಟವಳು ನಾನು.

ಕದಿಯಬೇಕೆಂದು ಇಟ್ಟದ್ದಲ್ಲ. ಆ ಬಾಲ ಸುಡುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ನಾಲ್ಕು ದಿನಕ್ಕೆ ಭಯ ಹತ್ತಿತು. ಅದನ್ನು ಮನೆಯಲ್ಲಿಡುವ ಹಾಗಿಲ್ಲ, ಹೊರಗೆ ತೆಗೆದು ತೋರಿಸುವ ಹಾಗೂ ಇಲ್ಲ. ಶಾಲೆಗೆ ಒಯ್ದು ನಮ್ಮ ಟೀಚರ್ ಮಿಸ್ ಪ್ರುಯಿಟ್ ಮೇಜಿನ ಮೇಲೆ ಇಟ್ಟು, "ನಿಮಗೆ" ಎಂದೆ. ಆಕೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ನನ್ನ ಮುಖ ನೋಡಿ, ತನ್ನ ಹೆಗಲ ಮೇಲಿನ ಉಣ್ಣೆಯ ಶಾಲು ತೆಗೆದು ಹಕ್ಕಿಗೆ ಸುತ್ತಿದಳು. ಆಕೆ ಒಂದು ಮಾತು ಬೈದಿದ್ದರೂ ನಾನು ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಆದರೆ ಆಕೆ ಬೈಯಲಿಲ್ಲ. ಆ ಬೇಸಿಗೆಯಲ್ಲಿ ವರ್ಗವಾಗಿ, ಹಕ್ಕಿಯನ್ನೂ ತೆಗೆದುಕೊಂಡು ಹೋದಳು.

ಹನ್ನೆರಡು ವರ್ಷಗಳ ನಂತರ, ಕಾಲೇಜಿನಲ್ಲಿದ್ದಾಗ, ಬೆಟ್ಟಗಳಾಚೆಯ ದೊಡ್ಡ ಊರಿನ ಮ್ಯೂಸಿಯಮ್ಮಿಗೆ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಗಾಜಿನ ಹಿಂದೆ ಸೊಟ್ಟ ಬಾಲ. ಕೆಳಗೆ ಚೀಟಿಯಲ್ಲಿ ಕೊಟ್ಟವರು ಮಿಸ್ ಪ್ರುಯಿಟ್ ಎಂದು, ಅದರ ಮೇಲೆ ಅಪ್ಪನ ಹೆಸರು, ಅಚ್ಚಾಗಿ, ಯಾರು ಬೇಕಾದರೂ ಓದುವ ಹಾಗೆ. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ತಲೆನೋವೇ ಎಂದು ಗೆಳತಿ ಕೇಳಿದಳು. ಹೌದೆಂದೆ. ಆಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಆ ತಲೆನೋವನ್ನು ಯಾರಿಗೂ ಹೇಳಲಿಲ್ಲ.

ಹೋದ ಚಳಿಗಾಲದಲ್ಲಿ ಅಕ್ಕ ಡಯಾಲಿಸಿಸ್ ಬಿಡುವ ಮಾತಾಡತೊಡಗಿದಾಗ ಹೇಳಿದೆ. ಅವಳಿಗೆ ಎಂಬತ್ತೈದು, ನನಗೆ ಎಪ್ಪತ್ತನಾಲ್ಕು. ಅವಳು ಕಿಟಕಿಯ ಬಳಿ ಕೂತು ಪೈನ್ ಬೀಜ ಸುಲಿಯುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಅವಳ ಕೈ ನಿಲ್ಲಲಿಲ್ಲ. ಆಮೇಲೆ ನಿಂತಿತು.

"ಅರವತ್ತೈದು ವರ್ಷದಿಂದ ಅಪ್ಪ ಕನಸಲ್ಲಿ ಬಂದು ಸಿಡುಕ್ತಾನೆ ಕಣೇ, ಥೆಲ್ಮಾ" ಎಂದಳು. "ನಾನು ನನ್ನ ಅಡುಗೆ ಸರಿಯಿಲ್ವೇನೋ ಅನ್ಕೊಂಡಿದ್ದೆ."

"ಅಕ್ಕಾ…"

"ಸುಮ್ನಿರು. ಅಳಬೇಡ. ಅತ್ರೆ ನಿನ್ನ ಮೂಗು ಕೆಂಪಾಗಿ ನೋಡಕ್ಕಾಗಲ್ಲ." ಒಂದು ಬೀಜ ಸುಲಿದು ನನ್ನ ಕೈಗಿಟ್ಟಳು. "ಅವನು ಅಲ್ಲಿ ಹತ್ತು ಹಕ್ಕಿ ಇಟ್ಕೊಂಡು ದಡದಲ್ಲಿ ಕೂತವ್ನೆ. ಮೊದಲನೇದು ಇಲ್ದೆ ಬೇರೇದನ್ನ ಬಿಡೋನಲ್ಲ, ಹಟಮಾರಿ. ನಾನು ಹೋಗೋದರೊಳಗೆ ಅದನ್ನ ಕಳಿಸಬೇಕು. ನೀನು ಕಾಲೇಜು ಓದಿದೋಳು, ಪತ್ರ ಬರೀ."

ಬರೆದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಕೈ, ಪತ್ರ ಬರೆಯುವುದು ಕಷ್ಟವಲ್ಲ. ಹೋದವರ ಜೊತೆ ಹೋಗಬೇಕಾಗಿದ್ದ ವಸ್ತುಗಳನ್ನು ಹಿಂದಿರುಗಿಸಬೇಕೆಂಬ ಕಾನೂನು ಈಗ ಇದೆ. ನಮ್ಮ ಪಂಗಡದ ಕಚೇರಿಯವರು ಸಹಿ ಹಾಕಿದರು. ಮ್ಯೂಸಿಯಮ್ಮಿನ ಕಡೆಯಿಂದ ಜೋಸ್ಲಿನ್ ಎಂಬಾಕೆ ಉತ್ತರ ಬರೆಯುತ್ತಿದ್ದಳು. ಪ್ರತಿ ಪತ್ರದ ಕೊನೆಯಲ್ಲೂ ಅಕ್ಕನ ಆರೋಗ್ಯ ವಿಚಾರಿಸುತ್ತಿದ್ದಳು.

ಒಂದು ಮಾತನ್ನು ಮಾತ್ರ ನಾನು ಬರೆಯಲಿಲ್ಲ. 'ನಮ್ಮ ತಂದೆಗೆ ತಲುಪಿಸಬೇಕಾಗಿದೆ' ಎಂದು ಬರೆದೆ. 'ಸುಡುತ್ತೇವೆ' ಎಂದು ಬರೆಯಲಿಲ್ಲ. ಇಷ್ಟು ವರ್ಷ ಗಾಜಿನಲ್ಲಿಟ್ಟು ಕಾಪಾಡಿದವರಿಗೆ ಆ ಮಾತು ಕೇಳಿದರೆ ಕೈ ಹಿಂದಕ್ಕೆ ಹೋದೀತು ಎಂದು ಹೆದರಿದೆ. ಸತ್ಯವನ್ನು ಅರ್ಧ ಬಚ್ಚಿಡುವುದು ನನಗೆ ಒಂಬತ್ತನೆಯ ವಯಸ್ಸಿನಿಂದಲೇ ಅಭ್ಯಾಸ.

ಸೆಪ್ಟೆಂಬರಿನಲ್ಲಿ ಬಂದು ತೆಗೆದುಕೊಂಡು ಹೋಗಿ ಎಂದು ಬರೆದರು. ಹೊರಡುವ ವಾರವೇ ಅಕ್ಕ ಡಯಾಲಿಸಿಸ್ ನಿಲ್ಲಿಸಿದಳು. ನಿಲ್ಲಿಸಿದರೆ ಉಳಿಯುವುದು ಎರಡು ವಾರ ಎಂದು ಡಾಕ್ಟರು ಹೇಳಿದ್ದರು, ಸ್ವಲ್ಪ ಹೆಚ್ಚು ಕಡಿಮೆ. ಅಕ್ಕನ ಮೊಮ್ಮಗಳು ರೋಶೆಲ್ ಶಾಲೆಯ ಬಸ್ಸು ಓಡಿಸುವ ಕೆಲಸಕ್ಕೆ ರಜೆ ಹಾಕಿ, ತನ್ನ ಪಿಕಪ್ಪಿನ ಸೀಟಿಗೆ ಮೂರು ದಿಂಬು ಜೋಡಿಸಿದಳು. ಏಳು ಗಂಟೆಯ ದಾರಿ. ದಾರಿಯುದ್ದಕ್ಕೂ ಅಕ್ಕ ಉಪ್ಪು ಹಚ್ಚಿದ ಬೀಜ ತಿನ್ನುತ್ತಿದ್ದಳು.

"ಅಜ್ಜೀ, ಉಪ್ಪು ತಿನ್ನಬಾರ್ದು ಅಂದಿದಾರೆ" ಎಂದಳು ರೋಶೆಲ್.

"ತಿಂದ್ರೆ ಏನಾಗುತ್ತಂತೆ?"

ರೋಶೆಲ್ ಗೇರು ಬದಲಿಸಿದಳು.

ಬೆಟ್ಟದ ಮೇಲಿನ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಮುದುಕ ತಾನು ಕೂತಿದ್ದ ಕುರ್ಚಿಯನ್ನು ಎತ್ತಿ ತಂದು ಅಕ್ಕನ ಹಿಂದೆ ಇಟ್ಟು, ಹೋಗಿ ಗೋಡೆಗೆ ಒರಗಿ ನಿಂತ. ಅವನಿಗೂ ಕಾಲು ನೋವಿತ್ತು, ಕುಂಟುತ್ತಿದ್ದ. ಅಕ್ಕನ ತೊಡೆಯ ಮೇಲೆ ಒಂದು ಕಟ್ಟು ಸೇಜ್ ಗಿಡದ ಕಡ್ಡಿ ಇತ್ತು, ಬೆಂಕಿ ಹಚ್ಚಲು ಮನೆಯ ಹಿತ್ತಲಿನಿಂದ ತಾನೇ ಕಿತ್ತು ತಂದದ್ದು. ವಾಪಸ್ ಬರುವಾಗ ಮನೆಗೂ ಹೋಗದೆ ನೇರ ಜೌಗಿನ ದಡಕ್ಕೆ ಹೋಗುವುದು ಎಂದು ತೀರ್ಮಾನವಾಗಿತ್ತು. ನನ್ನ ಮಗನ ಮನೆಯವರು, ಮಕ್ಕಳು, ಎಲ್ಲರೂ ಅಲ್ಲಿ ಕಾಯುವವರಿದ್ದರು.

ಜೋಸ್ಲಿನ್ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವಳು. ಒಳಗಿನ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಬಿಳಿ ಪೆಟ್ಟಿಗೆ. ಪಕ್ಕದಲ್ಲಿ ಅಕ್ಕನಿಗೆಂದು ಮೆತ್ತನೆಯ ಕುರ್ಚಿ, ಒಂದು ಲೋಟ ನೀರು. ಜೋಸ್ಲಿನ್ ಪೆಟ್ಟಿಗೆಯ ಮೇಲಿನ ಚೀಟಿ ಓದತೊಡಗಿದಳು. ಮಾಡಿದವರು ಎಂದು ಹೇಳಿ ಅಪ್ಪನ ಹೆಸರನ್ನು ಅರ್ಧ ಉಚ್ಚರಿಸಿದಳು. ನಾನು ಜೋಸ್ಲಿನ್ ಕೈ ಮುಟ್ಟಿ, "ಹೋದವರ ಹೆಸರು ನಾವು ಹೇಳಲ್ಲಮ್ಮ" ಎಂದೆ. ಅವಳು ತಕ್ಷಣ ಅಂಗೈಯನ್ನು ಚೀಟಿಯ ಮೇಲೆ ಇಟ್ಟಳು. ಆಮೇಲೆ ಒಂದು ಬಿಳಿ ಹಾಳೆ ಹುಡುಕಿ ಅದನ್ನು ಮುಚ್ಚುವವರೆಗೂ ಆ ಕೈ ತೆಗೆಯಲಿಲ್ಲ.

ಮುಚ್ಚಳ ತೆಗೆದಳು. ಕೆಮ್ಮಣ್ಣಿನ ತಲೆ ಹಾಗೇ ಇತ್ತು. ಬಿಳಿ ಗರಿಗಳು ಹಳದಿಯಾಗಿದ್ದವು. ಬಾಲ ಹಾಗೇ, ಅಷ್ಟೇ ಸೊಟ್ಟ.

ಅಕ್ಕ ಕೈ ಚಾಚಿದಳು.

"ಅಮ್ಮಾ, ಒಂದು ನಿಮಿಷ. ಕೈಗವಸು ಹಾಕ್ಕೊಳ್ಳಿ" ಎಂದಳು ಜೋಸ್ಲಿನ್.

"ಕೊಳೆಯಾಗುತ್ತೇನೋ ನನ್ನ ಕೈಯಿಂದ?"

"ಅಯ್ಯೋ, ಹಾಗಲ್ಲಮ್ಮ. ಅದರಿಂದ ನಿಮ್ಮ ಕೈಗೆ ತೊಂದ್ರೆ. ಆಗಿನ ಕಾಲದಲ್ಲಿ ಹುಳ ಹಿಡೀಬಾರ್ದು ಅಂತ ಗರಿ, ಚರ್ಮ ಇರೋ ವಸ್ತುಗಳಿಗೆಲ್ಲ ಆರ್ಸೆನಿಕ್ ಪುಡಿ ಹಾಕ್ತಿದ್ರು. ಪರೀಕ್ಷೆ ಮಾಡಿಸಿದೀವಿ, ಇದರಲ್ಲಿ ತುಂಬಾ ಇದೆ. ಪತ್ರದ ಜೊತೆ ಹಾಳೆ ಕಳಿಸಿದ್ನಲ್ಲ…"

ಕಳಿಸಿದ್ದಳು. ಕೈಗವಸು ಹಾಕಿ ಮುಟ್ಟಬೇಕು, ಮಕ್ಕಳಿಂದ ದೂರ ಇಡಬೇಕು ಎಂದು ನಾಲ್ಕು ಸಾಲು. ಮ್ಯೂಸಿಯಮ್ಮಿನವರ ಎಂದಿನ ನಾಜೂಕು ಎಂದುಕೊಂಡು ಅದನ್ನು ಮಡಚಿಟ್ಟಿದ್ದೆ.

"ಪಾಷಾಣ" ಎಂದಳು ಅಕ್ಕ.

"ಹೌದಮ್ಮ. ಆದ್ರೆ ನೀವು ಹೆದರಬೇಡಿ. ಗಾಜಿನ ಪೆಟ್ಟಿಗೇಲಿಟ್ರೆ ಏನೂ ಆಗಲ್ಲ. ನಿಮ್ಮ ಕಚೇರೀಲಿ ಒಳ್ಳೇ ಪೆಟ್ಟಿಗೆ ಇಲ್ಲದಿದ್ರೆ ನಾವೇ ಕೊಡ್ತೀವಿ, ನಾನು ಕೇಳಿದೀನಿ…"

"ಸುಡೋಕೆ ತಗೊಂಡು ಹೋಗ್ತಿರೋದು" ಎಂದಳು ಅಕ್ಕ. "ಇವಳು ನಿಂಗೆ ಹೇಳ್ಲಿಲ್ವಾ?"

ಜೋಸ್ಲಿನ್ ನನ್ನತ್ತ ನೋಡಿದಳು. ಆ ನೋಟದಲ್ಲಿ ಕೋಪ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಕುರ್ಚಿ ಎಳೆದುಕೊಂಡು ಅಕ್ಕನ ಎದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಹಕ್ಕಿ ನಿಮ್ಮದು. ಏನು ಬೇಕಾದ್ರೂ ಮಾಡೋ ಹಕ್ಕು ನಿಮಗಿದೆ. ಬೇಡ ಅನ್ನೋಕೆ ನಾನ್ಯಾರೂ ಅಲ್ಲ. ಆದ್ರೆ ಸುಟ್ರೆ ಆ ವಿಷ ಸಾಯಲ್ಲಮ್ಮ. ಹೊಗೇಲಿ ಹೋಗುತ್ತೆ. ಉಸಿರಾಡಿದೋರ ಒಳಗೆ ಹೋಗುತ್ತೆ."

"ತೊಳದ್ರೆ?" ಎಂದಳು ಅಕ್ಕ.

"ಜೊಂಡು ಕುಡಿದುಬಿಟ್ಟಿದೆ. ನಾವು ಎಷ್ಟೋ ಜನರನ್ನ ಕೇಳಿದ್ವಿ. ಪೂರ್ತಿ ತೆಗೆಯೋಕೆ ಯಾರಿಂದಲೂ ಆಗಲ್ಲ."

"ಸರಿ, ಬೇರೆ ಯಾರೂ ಬೇಡ. ನಾನೊಬ್ಬಳೇ ನಿಂತ್ಕೋತೀನಿ. ಹೇಗೂ ಸಾಯೋಳು, ಪಾಷಾಣ ನನಗೇನು ಮಾಡುತ್ತೆ?"

"ಅಜ್ಜೀ!" ಎಂದಳು ರೋಶೆಲ್.

"ನೀನು ಗಾಡಿಯಲ್ಲಿ ಗ್ಲಾಸ್ ಏರಿಸ್ಕೊಂಡು ಕೂತಿರು."

"ಬೂದಿ ಎಲ್ಲಿ ಹೋಗುತ್ತಮ್ಮ?" ಜೋಸ್ಲಿನ್ ದನಿ ತಗ್ಗಿಸಿ ಕೇಳಿದಳು.

ಬೂದಿ ಎಲ್ಲಿ ಹೋಗುತ್ತದೆಂದು ನಮಗೆ ಗೊತ್ತಿತ್ತು. ಜೌಗಿನ ದಡದಲ್ಲಿ ಸುಟ್ಟದ್ದು ನೀರಿಗೇ ಹೋಗುತ್ತದೆ. ನೀರಿನಲ್ಲಿ ಜೊಂಡಿದೆ, ಜೊಂಡಿನ ಬುಡದಲ್ಲಿ ಹುಳಗಳಿವೆ, ಹುಳಗಳನ್ನು ತಿನ್ನಲು ನಾಮಕೋಳಿಗಳೂ ಬಾತುಗಳೂ ಬರುತ್ತವೆ. ಆ ವಾರವೇ ಮೊದಲ ಹಿಂಡು ಬಂದಿತ್ತು, ನಾವು ಹೊರಡುವಾಗ ಅಕ್ಕ ಗಾಡಿ ನಿಲ್ಲಿಸಲು ಹೇಳಿ ಅವುಗಳ ಸದ್ದು ಕೇಳಿದ್ದಳು.

ನಾನೇ ಬಾಯಿಬಿಟ್ಟೆ.

"ಅಕ್ಕಾ, ಹೊಸದೊಂದು ಮಾಡೋಣ. ನೀನು ಹೇಳ್ಕೊಡು, ನಾನು ಕಟ್ತೀನಿ. ಅದನ್ನ ಕಳಿಸೋಣ."

"ಬೇರೆಯೋರ ಬೂಟು ಕಳಿಸಿದ್ರೆ ಅಪ್ಪನ ಕಾಲಿಗೆ ಹಿಡಿಸುತ್ತೇನೇ?" ಎಂದಳು. ಗದರಿಸಲಿಲ್ಲ. ಚಿಕ್ಕ ಮಗುವಿಗೆ ತಿಳಿಹೇಳುವ ದನಿ.

"ಮನೆಗಾದ್ರೂ ತಗೊಂಡು ಹೋಗೋಣ."

"ಹೋದವನ ಸಾಮಾನು ಮನೇಲಿಟ್ಕೊಂಡು? ಈ ಮಕ್ಕಳ ಮಧ್ಯೆ? ಪಾಷಾಣಾನೂ ಸೇರಿಸಿ?" ಊದಿದ ಕೈಯಿಂದ ಮೊಣಕಾಲು ಸವರಿಕೊಂಡಳು. "ಇಲ್ಲೇ ಇರ್ಲಿ. ಇನ್ನೆಲ್ಲಿಗೆ ಹೋಗುತ್ತೆ ಅದು ಪಾಪ?"

ಆಮೇಲೆ ಜೋಸ್ಲಿನ್ ಕಡೆ ತಿರುಗಿ, "ಒಂದು ಸಲ ಮುಟ್ಟಲಾ?" ಎಂದು ಕೇಳಿದಳು. ನನ್ನ ಅಕ್ಕ ಯಾರ ಹತ್ತಿರವೂ ಅಪ್ಪಣೆ ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಜೋಸ್ಲಿನ್ ಕೈಗವಸಿನ ಪೊಟ್ಟಣವನ್ನು ನೋಡಿದಳು. ಎದ್ದು ಮೂಲೆಯ ತೊಟ್ಟಿಯ ಬಳಿ ಹೋಗಿ, ಬಿಸಿನೀರು ಬರಲಿ ಎಂದು ನಲ್ಲಿ ತಿರುಗಿಸಿದಳು. ನಮಗೆ ಬೆನ್ನು ಹಾಕಿ ಅಲ್ಲೇ ನಿಂತಳು.

ಅಕ್ಕ ಬರಿಗೈಯಲ್ಲಿ ಹಕ್ಕಿಯ ಬೆನ್ನು ಸವರಿದಳು. ಕತ್ತಿನ ಕೆಳಗಿನ ಗಂಟನ್ನು ಬೆರಳಲ್ಲಿ ಹುಡುಕಿ, ಸಿಕ್ಕಿದ ಮೇಲೆ ಒಂದೆರಡು ಸಲ ತಲೆಯಾಡಿಸಿದಳು. ಬಾಲದ ಹತ್ತಿರ ಬಂದಾಗ ನನ್ನ ಕಡೆ ನೋಡಿ, "ಒದ್ದ ಕೋಳಿ" ಎಂದಳು. ಆಮೇಲೆ ಹಕ್ಕಿಗೆ ನಮ್ಮ ಭಾಷೆಯಲ್ಲಿ ಏನೋ ಹೇಳಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಆದರೂ ಕೇಳಿಸಿಕೊಳ್ಳಲಿಲ್ಲ, ಅದು ನನಗೆ ಹೇಳಿದ್ದಲ್ಲ.

ನಲ್ಲಿಯ ನೀರು ಅಷ್ಟು ಹೊತ್ತೂ ಹರಿಯುತ್ತಿತ್ತು. ಅಕ್ಕ "ಆಯ್ತು" ಎಂದ ಮೇಲೆ ಜೋಸ್ಲಿನ್ ತಿರುಗಿದಳು. ಅಕ್ಕನನ್ನು ನಡೆಸಿಕೊಂಡು ಹೋಗಿ ಕೈ ತೊಳೆಸಿದಳು. ಸೋಪು ಹಚ್ಚಿ ಒಂದೊಂದು ಬೆರಳನ್ನೂ ಉಜ್ಜಿದಳು, ಉಗುರಿನ ಸಂದು, ಉಂಗುರದ ಕೆಳಗೆ, ಮಣಿಕಟ್ಟಿನ ಸುಕ್ಕು. ಎರಡನೆಯ ಸಲ ಉಜ್ಜಿದಳು. ಮೂರನೆಯ ಸಲ ಉಜ್ಜುವಾಗ ಅವಳ ಕಣ್ಣಿನ ನೀರು ತೊಟ್ಟಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲು ಅವಳ ಕೈ ಖಾಲಿ ಇರಲಿಲ್ಲ. ಅಕ್ಕ ಒದ್ದೆ ಕೈಯನ್ನು ಬಿಡಿಸಿಕೊಂಡು, ಮೊಣಕೈಯಿಂದ ಅವಳ ಕೆನ್ನೆ ಒರೆಸಿದಳು.

"ನಿನ್ನ ತಪ್ಪೇನಿದೆ ಮಗಳೇ. ಪುಡಿ ಹಾಕಿದೋನೂ ಹುಳ ತಿನ್ನದಿರ್ಲಿ ಅಂತ್ಲೇ ಹಾಕಿದ್ದು" ಎಂದಳು.

ಸೇಜ್ ಕಡ್ಡಿಯ ಕಟ್ಟನ್ನು ಏನು ಮಾಡುವುದೆಂದು ತಿಳಿಯದೆ ಅಕ್ಕ ಅದನ್ನು ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟುಬಂದಳು. ಅದನ್ನು ಅಲ್ಲಿಡುವುದು ಅವರ ನಿಯಮಕ್ಕೆ ಸರಿಯೋ ಇಲ್ಲವೋ, ಜೋಸ್ಲಿನ್ ಅದನ್ನು ಅಲ್ಲೇ ಬಿಟ್ಟಳು. ಬಾಗಿಲವರೆಗೆ ಬಂದು ಅಕ್ಕನ ಕೋಟಿನ ಗುಂಡಿ ಹಾಕಿದಳು.

ಬೆಟ್ಟ ಇಳಿಯುವವರೆಗೂ ಅಕ್ಕ ನಿದ್ದೆ ಮಾಡುತ್ತಿದ್ದಾಳೆಂದೇ ನಾನು ತಿಳಿದಿದ್ದೆ. ನಮ್ಮ ಬಯಲು, ಅದರಾಚೆ ಜೌಗಿನ ನೀರಿನ ಹೊಳಪು ಕಂಡಾಗ ಅವಳು ಕಣ್ಣು ತೆರೆಯದೆಯೇ ಕೇಳಿದಳು:

"ಅಪ್ಪನಿಗೆ ಏನಂತ ಹೇಳ್ಲೇ?"

ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದವಳು ನಾನು.

"ನನ್ನ ಹೆಸರು ಹೇಳು, ಅಕ್ಕಾ. ಬಚ್ಚಿಟ್ಟೋಳು ಥೆಲ್ಮಾ, ಅವಳು ಬಂದಾಗ ಅವಳನ್ನೇ ಕೇಳು ಅಂತ ಹೇಳು."

"ಅಯ್ಯೋ, ಹೋಗೇ. ನಿನ್ನ ಹೆಸರು ಯಾಕೆ ಹೇಳ್ಲಿ? ನೀನು ಅವನ ಮುದ್ದಿನೋಳು, ಕೇಳಿದ್ರೆ ನೊಂದ್ಕೋತಾನೆ." ಸ್ವಲ್ಪ ಹೊತ್ತು ಉಸಿರೆಳೆದುಕೊಂಡಳು. "ನನ್ನಿಂದಲೇ ಕಳೆದೋಯ್ತು ಅಂತೀನಿ. ಅಜ್ಜಿ ಹೇಗೂ ಅಲ್ಲೇ ಇದಾಳೆ. ಹೌದೌದು, ಇವಳಿಗೆ ಒಂದೇ ಕೆಲಸ ಹೇಳಿದ್ದೆ ಅಂತ ಸಾಕ್ಷಿ ಹೇಳ್ತಾಳೆ."

ರೋಶೆಲ್‌ಗೆ ನಗು ಬಂತು. ನಗುತ್ತಲೇ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಹಣೆ ಇಟ್ಟಳು.

ದಡದಲ್ಲಿ ನಮ್ಮವರು ಸೌದೆ ಒಟ್ಟಿ ಕಾಯುತ್ತಿದ್ದರು. ಹಚ್ಚದೆಯೇ ಅದನ್ನು ಮತ್ತೆ ಗಾಡಿಗೆ ತುಂಬಿದೆವು. ನನ್ನ ಸೊಸೆ ಬಿಸಿ ಸೂಪಿನ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದಳು. ನೀರಿನ ಮೇಲೆ ಬಾತುಗಳು ಸುತ್ತು ಹಾಕುತ್ತಿದ್ದವು. ಅಕ್ಕ ಗಾಡಿಯಲ್ಲಿ ಕೂತೇ ಎರಡು ಚಮಚ ಕುಡಿದು, "ಉಪ್ಪು ಸಾಲದು" ಎಂದಳು.

ಡಯಾಲಿಸಿಸ್ ನಿಲ್ಲಿಸಿದ ಹನ್ನೊಂದನೆಯ ದಿನ ಅಕ್ಕ ಹೋದಳು.

ಒಟ್ಟಿದ್ದ ಆ ಸೌದೆಯನ್ನೇ ಅವಳ ಸಾಮಾನು ಸುಡಲು ಬಳಸಿದೆವು. ಹಾಸಿಗೆ, ಮೂರು ದಿಂಬು, ಕೋಟು, ಬೀಜ ಸುಲಿಯುವ ತಟ್ಟೆ, ಕೋಲು. ನೀಲಿ ಹೂವಿನ ಅವಳ ಬಾಚಣಿಗೆ ನನ್ನ ಕೈಗೆ ಬಂದಾಗ ಅದರ ಹಲ್ಲುಗಳಲ್ಲಿ ಬಿಳಿ ಕೂದಲಿತ್ತು. ಒಂದು ಗಳಿಗೆ ಹಿಡಿದುಕೊಂಡೆ. ರೋಶೆಲ್ ನನ್ನನ್ನು ನೋಡಿ, ಬೇಕೆಂದೇ ಬೇರೆ ಕಡೆಗೆ ತಿರುಗಿ ನಿಂತಳು. ಮನಸ್ಸಿದ್ದರೆ ಇಟ್ಟುಕೋ, ನಾನು ನೋಡಿಲ್ಲ ಎನ್ನುವ ಹಾಗೆ. ಒಳ್ಳೆಯ ಹುಡುಗಿ.

ನಾನು ಬಾಚಣಿಗೆಯನ್ನು ಬೆಂಕಿಗೆ ಕೊಟ್ಟೆ. ಆಮೇಲೆ ನನ್ನ ಕೋಟಿನ ಎರಡೂ ಜೇಬುಗಳನ್ನು ಹೊರಕ್ಕೆ ತಿರುವಿ, ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ನಿಂತೆ. ಯಾರೂ ಕೇಳಿರಲಿಲ್ಲ.